ಮಂಡಿಯ ಹಿಂದಿನ ಕೋಣೆ

ವೇದಿಕೆಯ ಮೇಲೆ ಯಾರಿಗಾದರೂ ಶಾಲು ಹೊದಿಸುವುದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊದಿಸಿಕೊಳ್ಳುವವರು ಪಾಪ, ಏನೂ ತಪ್ಪು ಮಾಡಿರುವುದಿಲ್ಲ. ಹೊದಿಸುವವರೂ ಬಹುಮಟ್ಟಿಗೆ ಒಳ್ಳೆಯವರೇ. ಆದರೂ ಚಪ್ಪಾಳೆಯ ನಡುವೆ ನನಗೆ ಏಳುವ ಪ್ರಶ್ನೆ ಒಂದೇ: ಈ ಮನುಷ್ಯ ನಿಜವಾಗಿ ಏನು ಕೇಳಿದ್ದ, ಅದರ ಬದಲಿಗೆ ಇದನ್ನು ಕೊಡುತ್ತಿದ್ದಾರೆ?

ತೊಂಬತ್ತರ ದಶಕದ ನಡುವಿನ ಮಾತು. ಶಿಕಾರಿಪುರದಲ್ಲಿ ಒಂದು ಟ್ರಸ್ಟಿನವರು ದೊಡ್ಡ ವಯಸ್ಸಿನ ಬುದ್ಧಿಮಾಂದ್ಯರಿಗೆ ಹಗಲು ಕೇಂದ್ರವೊಂದನ್ನು ನಡೆಸುತ್ತಿದ್ದರು. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ನಾನು ಅದರ ಮೇಲ್ವಿಚಾರಕಿ. ಎಲ್ಲರ ಬಾಯಲ್ಲೂ 'ಟೀಚರ್'. ಆಟಿಸಂ ಎಂಬ ಪದ ತರಬೇತಿಯ ಪಾಠದಲ್ಲಿ ಅರ್ಧ ಪುಟ ಬಂದಿತ್ತು. ಊರಿಗೆ ಬಂದರೆ ಆ ಪದವೇ ಇಲ್ಲ. ಸರ್ಟಿಫಿಕೇಟಿನಲ್ಲಿ ಬುದ್ಧಿಮಾಂದ್ಯ, ಬೀದಿಯಲ್ಲಿ ಹುಚ್ಚು, ಮನೆಯವರ ಬಾಯಲ್ಲಿ ಗ್ರಹಚಾರ. ಕೇಂದ್ರಕ್ಕೆ ಬರುತ್ತಿದ್ದವರಲ್ಲಿ ಕನಿಷ್ಠ ಇಬ್ಬರು ಆ ಅರ್ಧ ಪುಟದವರೆಂದು ನನಗೆ ಗೊತ್ತಿತ್ತು. ಹೇಳಿದರೆ ಕೇಳುವವರು ಬೇಕಲ್ಲ.

ಟ್ರಸ್ಟಿನ ಅಧ್ಯಕ್ಷರಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮೃದು ಮಾತಿನ, ಕೈಯೆತ್ತಿ ದಾನ ಮಾಡುವ ಮನುಷ್ಯ. ಕೇಂದ್ರದ ಬಾಡಿಗೆಯನ್ನು ಸ್ವಂತ ಜೇಬಿನಿಂದ ಕಟ್ಟುತ್ತಿದ್ದರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮಾಡಿಕೊಂಡವರಿಗೇ ಗೊತ್ತು.

ನನ್ನ ಜೊತೆ ಕೆಲಸಕ್ಕೆ ಇಬ್ಬರು. ಉಡುತಡಿಯಿಂದ ಬರುತ್ತಿದ್ದ ಆಯಮ್ಮ ಒಬ್ಬಾಕೆ, ಹೆಂಗಸರನ್ನು ನೋಡಿಕೊಳ್ಳುವವಳು. ಇನ್ನೊಬ್ಬ ಸೊರಬದವನು. ಮೊದಲು ಅಲ್ಲಿನ ಅಡಿಕೆ ಮಂಡಿಯೊಂದರಲ್ಲಿ ಮೂಟೆ ಹೊರುತ್ತಿದ್ದವನಾದ್ದರಿಂದ ಅವನನ್ನು ಎಲ್ಲರೂ ಹಮಾಲಣ್ಣ ಎಂದೇ ಕರೆಯುತ್ತಿದ್ದರು. ಅವನು ನಮ್ಮಲ್ಲಿಗೆ ಬಂದದ್ದು ಒಬ್ಬನೇ ಅಲ್ಲ, ಅದೇ ಮಂಡಿಯ ಸಾಹುಕಾರರ ತಮ್ಮನನ್ನು ಜೊತೆಗೆ ಕರೆದುಕೊಂಡು.

ತಮ್ಮನಿಗೆ ಮೂವತ್ತು ದಾಟಿತ್ತು. ಎತ್ತರದ ಆಳು, ಮಾತಿಲ್ಲ. ನಾವು ಅವನನ್ನು ತಮ್ಮಣ್ಣ ಎನ್ನುತ್ತಿದ್ದೆವು. ಸಾಹುಕಾರರ ಮನೆಗೆ ಅಂಟಿಕೊಂಡೇ ಮಂಡಿ. ಅದರ ಹಿಂಭಾಗದಲ್ಲಿ ಖಾಲಿ ಚೀಲ ಇಡುವ ಒಂದು ಕೋಣೆ, ಹೊರಗಡೆಯಿಂದ ಚಿಲಕ. ತಂದೆ ತಾಯಿ ತೀರಿಕೊಂಡ ಮೇಲೆ ತಮ್ಮಣ್ಣನ ಹಗಲು ಆ ಕೋಣೆಯಲ್ಲೇ ಕಳೆಯುತ್ತಿತ್ತು. ಸಾಹುಕಾರರು ಕ್ರೂರಿಯಲ್ಲ. ಲಾರಿಗಳು ಬಂದು ಹೋಗುವ ಅಂಗಳದಲ್ಲಿ ಅವನು ಚಕ್ರದ ಕೆಳಗೆ ಹೋದರೆ ಎಂಬ ಭಯ. ಹಮಾಲಣ್ಣ ಊಟದ ಹೊತ್ತಿಗೆ ಚಿಲಕ ತೆಗೆದು ಅವನನ್ನು ಹೊರಗೆ ಕೂರಿಸಿಕೊಳ್ಳುತ್ತಿದ್ದ. ನಾನು ಸೊರಬದಲ್ಲಿ ಮನೆ ಮನೆ ಸುತ್ತುವಾಗ ಕಂಡದ್ದು ಅದನ್ನೇ. ಸಾಹುಕಾರರನ್ನು ಟ್ರಸ್ಟಿನ ಕಮಿಟಿಗೆ ಸೇರಿಸಿಕೊಂಡು, ತಮ್ಮಣ್ಣನ ಜೊತೆ ಹಮಾಲಣ್ಣನನ್ನೂ ನಮ್ಮ ಕೇಂದ್ರಕ್ಕೆ ಕಳಿಸಿಕೊಡಿ ಎಂದು ಕೇಳಿದೆ. "ನನ್ನ ಕೆಲ್ಸಾನೇ ಅಲ್ದಾ, ಹೋಗಿ ಬರ್ಲಿ" ಎಂದರು.

ಸೊರಬದಿಂದ ಶಿಕಾರಿಪುರಕ್ಕೆ ದಿನವೂ ಬಸ್ಸು. ಕೂತು ಬಂದವರಿಗೆ ಅದು ಕೆಲಸವೇ ಅಲ್ಲ. ನಮಗೆ ಅದಕ್ಕೇ ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಮೊದಲು ಬಸ್ ಸ್ಟ್ಯಾಂಡಿನ ಹೊರಗೆ ನಿಂತು ಬರುವುದು, ಅಷ್ಟೇ. ಅಭ್ಯಾಸವಾದ ಮೇಲೆ ಒಳಗೆ ಬಂದು ಕಟ್ಟೆಯ ಮೇಲೆ ಕೂರುವುದು. ಆಮೇಲೆ ನಿಂತ ಬಸ್ಸು ಹತ್ತಿ ಇಳಿಯುವುದು. ಮಾತಿನಲ್ಲಿ ಹೇಳಿದರೆ ತಮ್ಮಣ್ಣನಿಗೆ ತಲುಪುತ್ತಿರಲಿಲ್ಲ, ಕೈಗೆ ವಸ್ತು ಕೊಟ್ಟರೆ ತಲುಪುತ್ತಿತ್ತು. ಹಳೆಯ ಟಿಕೆಟ್ಟು ಕೊಟ್ಟರೆ ಬಸ್ಸು, ಸ್ಟೀಲ್ ಲೋಟ ಕೊಟ್ಟರೆ ಚಹಾ, ಟವೆಲ್ಲು ಕೊಟ್ಟರೆ ಮನೆಗೆ ವಾಪಸ್ಸು. ಮುಂದೆ ಏನು ಎಂದು ಗೊತ್ತಿದ್ದರೆ ಅವನು ಶಾಂತ. ಗೊತ್ತಿಲ್ಲದಿದ್ದರೆ ಎರಡೂ ಕೈಯಿಂದ ಕಿವಿಗೆ ಬಡಿದುಕೊಳ್ಳುತ್ತಿದ್ದ.

ಶಿರಾಳಕೊಪ್ಪದಲ್ಲಿ ಬಸ್ಸು ಬಹಳ ಹೊತ್ತು ನಿಲ್ಲುತ್ತಿತ್ತು. ಎಂಜಿನ್ ಆರಿಸಿದ ಕೂಡಲೇ ಅವನ ಕೂಗಾಟ ಶುರು. ಜನ ನಮ್ಮನ್ನು ಇಳಿಸಿ ಎಂದು ಕಂಡಕ್ಟರಿಗೆ ಗಂಟು ಬೀಳುತ್ತಿದ್ದರು. ಕೊನೆಗೆ ನಾವು ಒಂದು ಉಪಾಯ ಕಂಡುಕೊಂಡೆವು. ಎಂಜಿನ್ ಆರುವ ಮೊದಲೇ ಅವನನ್ನು ಇಳಿಸಿ, ಬಸ್ಸಿನ ಸುತ್ತ ನಡೆಸುತ್ತಿದ್ದು, ಮತ್ತೆ ಎಂಜಿನ್ ಸದ್ದಾದ ಮೇಲೆ ಹತ್ತಿಸುವುದು. ಡ್ರೈವರು ಮೊದಲು ಬೈದ. ಆಮೇಲೆ ತಾನೇ ಸ್ಟಾರ್ಟ್ ಮಾಡಿಕೊಂಡು ಕಾಯತೊಡಗಿದ.

ಇನ್ನೊಂದು ವಿಷಯ. ತಮ್ಮಣ್ಣ ಏನೇ ಶುರು ಮಾಡುವ ಮೊದಲು ಹಮಾಲಣ್ಣನ ಹೆಗಲನ್ನು ಮೂಸುತ್ತಿದ್ದ. ಗೋಣಿಚೀಲ, ಬೆವರು, ಅಡಿಕೆಯ ಚೊಗರು, ಬೀಡಿ, ಎಲ್ಲ ಸೇರಿದ ಒಂದು ವಾಸನೆ. ಅದು ಇದ್ದರೆ ಎಲ್ಲ ಸರಿ. ಮಂಡಿ ಬಿಟ್ಟ ಮೇಲೆ ಆ ವಾಸನೆ ಕಮ್ಮಿಯಾಗುತ್ತಿದೆ ಎಂದು ನಮಗೆ ಹೊಳೆಯಲು ಸ್ವಲ್ಪ ದಿನ ಹಿಡಿಯಿತು. ಆಮೇಲೆ ಹಮಾಲಣ್ಣ ತನ್ನ ಹೆಗಲ ವಸ್ತ್ರವನ್ನು ಭಾನುವಾರವಿಡೀ ಮಂಡಿಯ ಮೂಟೆಗಳ ಮೇಲೆ ಹರಡಿಟ್ಟು ಸೋಮವಾರ ಹೊದ್ದು ಬರುತ್ತಿದ್ದ. ನಾನು ಇದನ್ನು ನನ್ನ ವರದಿಯಲ್ಲಿ ಬರೆದಾಗ ಕಮಿಟಿಯಲ್ಲಿ ಎಲ್ಲರೂ ನಕ್ಕರು.

ಹೀಗೆ ತಮ್ಮಣ್ಣ ಬಸ್ಸು ಹತ್ತಿದ, ಕೇಂದ್ರದಲ್ಲಿ ಕಾಗದದ ಪೊಟ್ಟಣ ಅಂಟಿಸುವುದು ಕಲಿತ, ತಟ್ಟೆ ತೊಳೆದಿಡುವುದು ಕಲಿತ. ಮಂಡಿಯ ಕೋಣೆ ಖಾಲಿಯಾಯಿತು. ಆದರೆ ಸಾಹುಕಾರರು ಅದಕ್ಕೆ ಒಂದು ಚೀಲವನ್ನೂ ಹಾಕಲಿಲ್ಲ, ಚಿಲಕವನ್ನೂ ಕೀಳಲಿಲ್ಲ. ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: "ಇರ್ಲಿ ಬಿಡ್ರಿ ಟೀಚರ್. ಯಾವಾಗ ಬೇಕಾಗ್ತದೋ ಎಂತದೋ." ಆ ಖಾಲಿ ಕೋಣೆ ಬಾಯಿ ತೆರೆದುಕೊಂಡು ಕಾಯುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಹಮಾಲಣ್ಣ ಬಿಟ್ಟುಹೋದ ಮರುದಿನವೇ ತಮ್ಮಣ್ಣ ಅಲ್ಲಿರುತ್ತಾನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಬಿಟ್ಟುಹೋಗುವ ಕಾರಣಗಳಿಗೇನು ಕೊರತೆ? ಟ್ರಸ್ಟು ಕೊಡುತ್ತಿದ್ದುದಕ್ಕೆ ಸಂಬಳ ಎಂಬ ಹೆಸರೇ ಇರಲಿಲ್ಲ, ಗೌರವಧನ. ಅದರಲ್ಲಿ ಗೌರವ ಎಷ್ಟಿತ್ತೋ, ಧನ ಮಾತ್ರ ಬಸ್ಸಿನ ಖರ್ಚು ಕಳೆದರೆ ಅಕ್ಕಿಗೂ ಸಾಲದಷ್ಟು. ಅಡಿಕೆ ಸುಲಿಯಲು ಹೋದ ಹೆಂಗಸರು ಆಯಮ್ಮನಿಗಿಂತ ಹೆಚ್ಚು ದುಡಿಯುತ್ತಿದ್ದರು. ನಾವು ಮೂವರೂ ಅಧ್ಯಕ್ಷರ ಅಂಗಡಿಗೆ ಹೋಗಿ ಕೂತೆವು. ಅವರು ನಮಗೆ ಮಜ್ಜಿಗೆ ತರಿಸಿಕೊಟ್ಟರು.

"ಸಂಬ್ಳ ಅಂದ್ರೆ ಅದು ಕೆಲ್ಸ ಆಗಿಬಿಡ್ತೈತ್ರೀ ಟೀಚರ್. ನೀವು ಮಾಡ್ತಿರೋದು ಸೇವೆ. ಸೇವೆಗೆ ಬೆಲೆ ಕಟ್ಟಿ ನಿಮ್ಮನ್ನ ಸಣ್ಣೋರ್ನ ಮಾಡ್ಲೇನ್ರಿ ನಾನು?"

"ಸಣ್ಣೋರ್ನೇ ಮಾಡ್ರಿ ಯಜಮಾನ್ರೆ, ಮನ್ಯಾಗ ಮಕ್ಳು ದೊಡ್ಡೋರಾಗ್ಯಾವು" ಎಂದಳು ಆಯಮ್ಮ.

ಅಧ್ಯಕ್ಷರು ಮನಸಾರೆ ನಕ್ಕರು. ನೋಡೋಣ ಎಂದರು. ಹೊರಡುವಾಗ ಮೂವರಿಗೂ ಒಂದೊಂದು ಶಾಲು ಕೊಟ್ಟರು. ಮನೆಗೆ ಬಂದು ಅದನ್ನು ಅತ್ತೆಯ ಕೈಗಿಟ್ಟೆ. "ಇನ್ನೊಮ್ಮೆ ಕೇಳಾಕ ಹೋಗ್ಬ್ಯಾಡವ್ವಾ, ಇಡಾಕ ಜಾಗಿಲ್ಲ" ಎಂದರು ಅತ್ತೆ.

ಶಿವಮೊಗ್ಗೆಗೆ ಹೋಗಿ ಕಾರ್ಮಿಕರ ವಿಷಯ ನೋಡುವ ಕಚೇರಿಯೊಂದರಲ್ಲಿ ವಿಚಾರಿಸಿದೆ. ಅಲ್ಲಿದ್ದವರು ಸಭ್ಯರು. ಕನಿಷ್ಠ ಕೂಲಿಯ ಪಟ್ಟಿ ತಿರುವಿ ಹಾಕಿದರು. "ಬೀಡಿ ಇದೆ, ಅಕ್ಕಿ ಗಿರಣಿ ಇದೆ, ಹೋಟ್ಲು ಇದೆ. ನಿಮ್ದು ಯಾವ ಉದ್ಯಮಾಮ್ಮಾ? ಏನ್ ತಯಾರಾಗ್ತದೆ ಅಲ್ಲಿ?"

"ಒಬ್ಬ ಮನುಷ್ಯ ಬಸ್ ಹತ್ತೋದು ತಯಾರಾಗುತ್ತೆ ಸಾರ್" ಎಂದೆ.

ಅವರೂ ನಕ್ಕರು. ಆ ವರ್ಷ ನನ್ನ ಮಾತಿಗೆ ನಗದವರೇ ಇರಲಿಲ್ಲ. ಪಟ್ಟಿಯಲ್ಲಿ ನಾವಿರಲಿಲ್ಲ, ಅಷ್ಟೇ ವಿಷಯ.

ನಾನು ಬಿಡಲಿಲ್ಲ. ಕಮಿಟಿಯ ಪ್ರತಿ ಸಭೆಯಲ್ಲೂ ಎದ್ದು ನಿಂತು ಅದನ್ನೇ ಕೇಳಿದೆ. ಅಧ್ಯಕ್ಷರು ಪ್ರತಿ ಸಭೆಯಲ್ಲೂ ತಲೆಯಾಡಿಸಿದರು. ಕೊನೆಗೆ ಒಂದು ದಿನ, "ವಾರ್ಷಿಕೋತ್ಸವ ಬರ್ಲಿ ಟೀಚರ್, ನಿಮಗೆಲ್ಲಾ ಸಂತೋಷ ಆಗೋ ವಿಚಾರ ಒಂದೈತಿ" ಎಂದರು. ನಾನು ನಂಬಿದೆ. ಆಯಮ್ಮನಿಗೂ ಹಮಾಲಣ್ಣನಿಗೂ ಹೇಳಿದೆ. ಹಮಾಲಣ್ಣ ಆಗಲೇ ಮನೆಯಲ್ಲಿ ಹೆಂಡತಿಯ ಕೈಲಿ ಮಾತು ಕೇಳಿ ಕೇಳಿ ಬೇಸತ್ತಿದ್ದ. ಆದರೂ ವಾರ್ಷಿಕೋತ್ಸವದವರೆಗೆ ನೋಡೋಣ ಎಂದ.

ತಮ್ಮಣ್ಣನನ್ನು ಸಮಾರಂಭಕ್ಕೆ ಕರೆತರುವುದು ಬೇಡ ಎಂದು ನಾನು ಹೇಳಿದ್ದೆ. ಅವರಿಗಾಗಿಯೇ ಮಾಡುವ ಕಾರ್ಯಕ್ರಮಕ್ಕೆ ಅವರೇ ಇಲ್ಲದಿದ್ದರೆ ಹೇಗೆ ಎಂದರು ಕಮಿಟಿಯವರು. ಸರಿ, ತಯಾರಿ ಮಾಡಿದೆವು. ಹಿಂದಿನ ದಿನ ಖಾಲಿ ಸಭಾಂಗಣಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಬಾಗಿಲ ಪಕ್ಕದ ಕುರ್ಚಿ ಗೊತ್ತು ಮಾಡಿದೆವು. ಮೈಕು ಗದ್ದಲ ಮಾಡಿದರೆ ಹೊರಗೆ ಕರೆದೊಯ್ಯಲು ಲೋಟ, ಟಿಕೆಟ್ಟು, ಎಲ್ಲ ಚೀಲದಲ್ಲಿ. ಪಕ್ಕದಲ್ಲಿ ಹಮಾಲಣ್ಣ. ನನ್ನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಭಾಷಣಗಳು ಮುಗಿದ ಮೇಲೆ ಅಧ್ಯಕ್ಷರು ಮೈಕಿನ ಮುಂದೆ ಬಂದು, ಇಂದು ನಮ್ಮ ಸೇವಾಕರ್ತರಿಗೆ ಸನ್ಮಾನ ಎಂದು ಘೋಷಿಸಿದರು. ಅದೇ ಆ ಸಂತೋಷದ ವಿಚಾರ! ಮೂವರ ಹೆಸರನ್ನೂ ಕರೆದರು. ನೋಡಿಕೊಳ್ಳುವವರೆಲ್ಲರನ್ನೂ ಒಟ್ಟಿಗೆ ವೇದಿಕೆಗೆ ಕರೆದರೆ ಕೆಳಗೆ ನೋಡಿಕೊಳ್ಳುವವರು ಯಾರು ಎಂದು ಆ ಕಮಿಟಿಯ ಒಂದು ತಲೆಗೂ ಹೊಳೆದಿರಲಿಲ್ಲ. ನಾನು ಕೈಯಾಡಿಸಿ ಬೇಡ ಬೇಡ ಎಂದೆ. ಸಂಕೋಚ ಎಂದುಕೊಂಡು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಸ್ವಯಂಸೇವಕರು ಬಂದು ತೋಳು ಹಿಡಿದು ಎಬ್ಬಿಸಿಕೊಂಡೇ ಹೋದರು. ಕಮಿಟಿಯ ಹಿರಿಯರೊಬ್ಬರು "ನಾವಿದೀವಿ ಹೋಗ್ರಿ" ಎಂದು ತಮ್ಮಣ್ಣನ ಪಕ್ಕ ಕೂತು ಅವನ ಬೆನ್ನು ಸವರತೊಡಗಿದರು. ಯಾರಾದರೂ ಮೈ ಮುಟ್ಟಿದರೆ ಅವನಿಗೆ ಆಗುವುದಿಲ್ಲ.

ವೇದಿಕೆಯ ಮೇಲೆ ನಮಗೆ ಪನ್ನೀರು ಚಿಮುಕಿಸಿದರು. ಗಂಧ ಹಚ್ಚಿದರು. ಸುಗಂಧರಾಜದ ಹಾರ, ಹಮಾಲಣ್ಣನ ತಲೆಗೆ ಮೈಸೂರು ಪೇಟ, ಹೆಗಲಿಗೆ ಜರಿಯಂಚಿನ ಶಾಲು. ಶಾಲು ಹೊದಿಸಲು ಅಡ್ಡಿಯಾಗುತ್ತದೆಂದು ಅವನ ಹಳೆಯ ವಸ್ತ್ರವನ್ನು ಯಾರೋ ತೆಗೆದು ಕುರ್ಚಿಯ ಕೆಳಗೆ ಹಾಕಿದರು. ಕೆಳಗೆ ಕೂಗು ಕೇಳಿಸಿತು. ಹಮಾಲಣ್ಣ ಹಣ್ಣಿನ ಬುಟ್ಟಿ ಬಿಸಾಡಿ ಇಳಿದು ಓಡಿದ.

ತಮ್ಮಣ್ಣ ಕಿವಿಗೆ ಬಡಿದುಕೊಳ್ಳುತ್ತಿದ್ದವನು ಹಮಾಲಣ್ಣನನ್ನು ಕಂಡು ಮೂಗು ಚಾಚಿದ. ಮೂಸಿದ. ಮತ್ತೊಮ್ಮೆ ಮೂಸಿದ. ನೋಡಿದ ಮುಖ, ಗೊತ್ತಿಲ್ಲದ ವಾಸನೆ. ಎರಡೂ ಕೈಯಿಂದ ಅವನನ್ನು ಹಿಂದಕ್ಕೆ ನೂಕಿ, ಕುರ್ಚಿಗಳನ್ನು ಉರುಳಿಸಿಕೊಂಡು ಬಾಗಿಲಿನಿಂದ ಹೊರಗೆ ಓಡಿದ. ಹೋಗಲಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಎಂಜಿನ್ ಸದ್ದು ಮಾಡುತ್ತಿದ್ದ ಯಾವುದೋ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದ. ಹಮಾಲಣ್ಣ ಹತ್ತಿರ ಹೋದರೆ ಮತ್ತೆ ಕೂಗು. ಕೊನೆಗೆ ಸಾಹುಕಾರರೇ ಜೀಪಿನಲ್ಲಿ ಕೂಡಿಸಿಕೊಂಡು ಹೋದರು. ಸಭಾಂಗಣದಲ್ಲಿ ವಂದನಾರ್ಪಣೆ ನಡೆಯುತ್ತಿತ್ತು.

ಅವತ್ತು ನನಗೆ ಬಂದ ಸಿಟ್ಟನ್ನು ಇವತ್ತೂ ಪೂರ್ತಿ ಇಳಿಸಿಕೊಂಡಿಲ್ಲ. ಒಂದು ಮಳೆಗಾಲದ ಕೆಲಸವನ್ನು ಒಂದು ಹಾರ ಹಾಕಿ ಅಳಿಸಿದರು, ಅದೂ ಪ್ರೀತಿಯಿಂದ.

ಮರುದಿನ ತಮ್ಮಣ್ಣ ಬಸ್ಸು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಹಮಾಲಣ್ಣ ಹಳೆಯ ವಸ್ತ್ರ ಹೊದ್ದು ಹೋದರೂ ಅದಕ್ಕೆ ಪನ್ನೀರು ತಾಗಿಬಿಟ್ಟಿತ್ತು. ಒಗೆದ. ಒಗೆದರೆ ಸೋಪಿನ ವಾಸನೆ, ಮೂಟೆಗಳ ಮೇಲೆ ಹರಡಿಟ್ಟರೂ ಹೋಗಲಿಲ್ಲ. ವಾರ ಕಳೆಯುವುದರೊಳಗೆ ನಾನು ಸೊರಬಕ್ಕೆ ಹೋದೆ. ಅಡಿಕೆಯ ಸೀಸನ್ನು ಶುರುವಾಗಿತ್ತು, ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು.

"ಎಂತ ಮಾಡದು ಹೇಳಿ ಮಾರಾಯ್ರೆ" ಎಂದರು ಸಾಹುಕಾರರು. ಅವರ ಮುಖ ನೋಡುವಂತಿರಲಿಲ್ಲ. "ಲಾರಿ ಮೇಲೆ ಲಾರಿ ಬರ್ತಿದಾವೆ. ಎರಡು ದಿನ ಅಷ್ಟೇ ಅಂತ ಹಾಕ್ದೆ."

"ಹಮಾಲಣ್ಣ ಎಲ್ಲಿ?"

"ಅವನಿಗೆ ನಾನೇ ಹೇಳಿದೀನಿ, ಸೀಸನ್ ಮುಗಿಯೋವರೆಗೆ ಮಂಡಿಗೇ ಬಾ ಅಂತ. ಹೆಂಗೂ ಇವ ಬಸ್ ಹತ್ತಾದಿಲ್ಲ. ಆಳು ಸಿಕ್ತಿಲ್ಲ ನಂಗೆ."

ನಾನು ಕೂತಲ್ಲಿಂದ ಎದ್ದುಬಿಟ್ಟೆ. "ನಿಮ್ಮ ತಮ್ಮನ್ನ ನೋಡ್ಕೊಳ್ಳೋ ಮನುಷ್ಯನ್ನ ನೀವೇ ಮೂಟೆ ಹೊರೋಕೆ ಕರೀತೀರಲ್ರೀ! ಮೂಟೆಗೆ ಕೊಡೋಕೆ ದುಡ್ಡಿದೆ ನಿಮ್ಮ ಹತ್ರ. ಕಮಿಟೀಲಿ ಕೂತರೆ ಅದೇ ಮನುಷ್ಯನಿಗೆ ಕೊಡೋಕೆ ಇಲ್ಲ ಅಂತ ತಲೆ ಅಲ್ಲಾಡಿಸ್ತೀರಿ."

"ಅದು ಸಂಸ್ಥೆ ವಿಚಾರ, ಇದು ಮಂಡಿ ವಿಚಾರ" ಎಂದರು ಅವರು. ಹೇಳಿ ಮುಗಿಸುವಷ್ಟರಲ್ಲಿ ತಮಗೇ ಅದು ಸರಿಕಾಣಲಿಲ್ಲವೇನೋ, ಮೂಟೆ ತೂಗುವ ಕಾಟಾದ ಕಡೆ ಹೋದರು.

ಅಷ್ಟರಲ್ಲಿ ಅಲ್ಲಿಗೆ ಬಂದ ಹಮಾಲಣ್ಣ ಚಿಲಕ ತೆಗೆದು ಬಾಗಿಲ ಹೊರಗೆ ಕುಕ್ಕರಗಾಲಿನಲ್ಲಿ ಕೂತ. ಒಳಗಿನಿಂದ ತಮ್ಮಣ್ಣ ಬಂದು, ಅವನಿಂದ ದೂರ ಸರಿದು, ಕಾಟಾದ ಹಲಗೆಯ ಮೇಲೆ ಕೂತುಕೊಂಡ. ಮೂಸಲು ಬರಲಿಲ್ಲ.

"ನಾನು ಬಿಡ್ತೀನಿ ಟೀಚರೇ" ಎಂದ ಹಮಾಲಣ್ಣ. "ಬೇಜಾರು ಮಾಡ್ಕಬೇಡಿ. ಮೂಟೆ ಕೆಲ್ಸದಾಗೆ ಒಂದು ಮರ್ಯಾದಿ ಐತೆ. ಮೊದ್ಲು ದರ ಹೇಳ್ತಾರೆ, ಆಮೇಲೆ ನಾವು ಕೈ ಹಚ್ಚದು. ಜಗಳ ಬಂದ್ರೆ ಮೂಟೆ ನೆಲಕ್ಕಿಳ್ಸಿ ಮಾತಾಡಬಹುದು. ಇವನ್ನ ಎಲ್ಲಿ ಇಳ್ಸಿ ಮಾತಾಡ್ಲಿ? ಇಳ್ಸಿದ್ರೆ ಆ ಕ್ವಾಣೆ."

ನನಗೆ ಇಷ್ಟು ದಿನ ಬಿಡಿಸಿ ಹೇಳಲು ಬಾರದಿದ್ದದ್ದು ಅದೇ. ಕೆಲಸ ನಿಲ್ಲಿಸುತ್ತೇವೆ ಎಂದು ನಾವು ಹೆದರಿಸುವ ಹಾಗಿರಲಿಲ್ಲ. ನಿಲ್ಲಿಸಿದರೆ ಪೆಟ್ಟು ಬೀಳುವುದು ಅಧ್ಯಕ್ಷರಿಗಲ್ಲ, ಬಾಯಿಲ್ಲದವನಿಗೆ. ಅದು ಕಮಿಟಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಹಮಾಲಣ್ಣ ಬರದಿದ್ದರೆ ಬೇರೆ ಯಾರನ್ನಾದರೂ ಹುಡುಕಿ ಎಂದು ಅಧ್ಯಕ್ಷರು ಆಗಲೇ ಹೇಳಿಕಳಿಸಿದ್ದರು. ಹುಡುಕಿದರೆ ಸಿಕ್ಕರೂ ಸಿಗಬಹುದಿತ್ತು. ಮತ್ತೊಂದು ಮಳೆಗಾಲ, ಮತ್ತೊಂದು ಶಾಲು. ನಾನು ಹುಡುಕುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

"ದರದ ಮಾತು ಯಾವತ್ತು?" ಎಂದು ಕೇಳಿದೆ. ಸೀಸನ್ನಿನ ಮೊದಲ ಕೆಲವು ದಿನ ಹಳೆಯ ದರದಲ್ಲೇ ನಡೆಸಿ, ಆಮೇಲೆ ಹಮಾಲರೂ ಸಾಹುಕಾರರೂ ಅಂಗಳದಲ್ಲಿ ಕೂತು ಆ ವರ್ಷದ ದರ ಮಾತಾಡುವುದು ಪದ್ಧತಿ.

"ನಾಳೆನೇ."

"ನೀವು ಗುಂಪು ಬಿಟ್ಟಿದ್ದೀರಾ?"

"ಇಲ್ಲಪ್ಪ. ಸಾಹುಕಾರ್ರೇ ಕಳ್ಸಿದ್ದಲ್ದಾ ನನ್ನ. ಅವ್ರ ಕೆಲ್ಸಕ್ಕೆ ಬ್ಯಾರೆ ಕಡೆ ಹೋದವ್ನೂ ಗುಂಪಿನವನೇ."

"ಹಾಗಾದರೆ ನಿಮ್ಮ ದರವೂ ನಾಳೆನೇ ಮಾತಾಡಬೇಕಲ್ಲವಾ?"

ಅವನು ನನ್ನ ಮುಖ ನೋಡಿದ. ಎದ್ದು ಗುಂಪಿನ ಹಿರಿಯನ ಹತ್ತಿರ ಹೋದ. ನಾನು ಇಷ್ಟು ಹೇಳಿದೆನಾದರೂ ಬಸ್ಸಿನಲ್ಲಿ ಬರುವಾಗ ಮನಸ್ಸು ಕಹಿಯಾಗಿತ್ತು. ತರಬೇತಿಯಲ್ಲಿ ಕಲಿತದ್ದು ಮನುಷ್ಯನ ಘನತೆ, ಈಗ ಅವನನ್ನು ಮೂಟೆಗಳ ಸಾಲಿನಲ್ಲಿ ನಿಲ್ಲಿಸಿ ದರ ಕೇಳಲು ಹೊರಟಿದ್ದೇನೆ. ಆಯಮ್ಮನಿಗೆ ಹೇಳಿದೆ. "ನಿಲ್ಸ್ರಿ ಟೀಚರ್ರೇ. ಆ ಸಾಲಿನ್ಯಾಗಾದ್ರೂ ನಿಲ್ಲಾಕ ಜಾಗ ಸಿಕ್ರ ಸಾಕು. ನಾನೂ ಬರ್ತೀನಿ" ಎಂದಳು.

ಮರುದಿನ ಕೇಂದ್ರಕ್ಕೆ ರಜೆ ಕೊಟ್ಟು ನಾವಿಬ್ಬರೂ ಮಂಡಿಗೆ ಹೋದಾಗ ಅಂಗಳದಲ್ಲಿ ಹಳ್ಳಿಗಳಿಂದ ಬಂದ ಅಡಿಕೆಯ ಟ್ರಾಕ್ಟರುಗಳು ಇಳಿಸುವವರಿಲ್ಲದೆ ಸಾಲಾಗಿ ನಿಂತಿದ್ದವು. ಕುಬಟೂರಿನಿಂದ ಬಂದ ರೈತರೊಬ್ಬರು ತಮ್ಮ ಟ್ರಾಲಿಯ ಮೇಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹಮಾಲರು ಗೋಡೆಗೊರಗಿ ಕೂತಿದ್ದರು. ಕೂಗಾಟವಿಲ್ಲ, ಘೋಷಣೆಯಿಲ್ಲ. ಹೆಗಲ ಮೇಲಿರಬೇಕಾದ ವಸ್ತ್ರವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ವಸ್ತ್ರ ತೊಡೆಯ ಮೇಲಿದ್ದರೆ ದರ ಕುದುರಿಲ್ಲ ಎಂದರ್ಥ, ಹೆಗಲಿಗೆ ಹೋಯಿತೆಂದರೆ ಒಪ್ಪಿಗೆ. ಹಮಾಲಣ್ಣನೂ ಆ ಸಾಲಿನ ಕೊನೆಗೆ ಕೂತಿದ್ದ. ತಮ್ಮಣ್ಣ ಕಾಟಾದ ಹಲಗೆಯ ಮೇಲೆ, ಎಲ್ಲರ ಕಣ್ಣ ಮುಂದೆ.

ಮೂಟೆಯ ದರ ಬೇಗ ಮುಗಿಯಿತು. ಸಾಹುಕಾರರು ಏಳಿ ಎಂದರು. ಯಾರೂ ಏಳಲಿಲ್ಲ.

"ಇನ್ನೊಂದು ಬಾಕಿ ಐತೆ" ಎಂದ ಹಿರಿಯ ಹಮಾಲ. "ನಮ್ಮವ ಒಬ್ಬ ನಿಮ್ಮ ತಮ್ಮನ ಕೆಲ್ಸದ ಮೇಲೆ ಹೋಗಿದ್ದ. ಅದಕ್ಕೆ ದರ ಹೇಳಿಲ್ಲ ನೀವು."

ಸಾಹುಕಾರರು ನನ್ನ ಕಡೆ ತಿರುಗಿದರು. "ಇದು ನಿಮ್ದೇ ಕೆಲ್ಸ ಅಲ್ದಾ?"

"ನಂದೇ" ಎಂದೆ.

ಅವರು ಒಳಗೆ ಹೋಗಿ ಶಿಕಾರಿಪುರಕ್ಕೆ ಫೋನು ಮಾಡಿದರು. ನಿಮ್ಮ ಟೀಚರನ್ನು ಬಂದು ಕರೆದುಕೊಂಡು ಹೋಗಿ ಎಂದು ಹೇಳಿದ್ದು ಅಂಗಳಕ್ಕೆಲ್ಲ ಕೇಳಿಸಿತು. ಅಧ್ಯಕ್ಷರು ಕಾರು ಮಾಡಿಕೊಂಡು ಬರುವವರೆಗೆ ಒಬ್ಬರೂ ಅಲ್ಲಾಡಲಿಲ್ಲ. ಟ್ರಾಕ್ಟರಿನವರು ಗೊಣಗಿದರು. ಆಯಮ್ಮ ಎಲ್ಲರಿಗೂ ನೀರು ಕೊಟ್ಟಳು.

ಅಧ್ಯಕ್ಷರು ಬಂದವರೇ, ನಾನು ಎಂದೂ ಕಾಣದಷ್ಟು ಸಿಟ್ಟಾದರು. "ಏನ್ ಟೀಚರ್ ಇದು? ದೇವರಂಥ ಜೀವಾನ ಮೂಟೆ ಜೊತಿ ಇಟ್ಟು ರೇಟು ಕೇಳ್ತೀರೇನ್ರಿ? ಓದ್ದೋರು ನೀವು! ಸೇವೆಗೆ ದರ ಹಚ್ಚೋದು ಪಾಪ ಅಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಹಿರಿಯ ಹಮಾಲ ನಿಧಾನವಾಗಿ ಕೇಳಿದ. "ಯಜಮಾನ್ರೆ, ಇವನಿಗೆ ಹೊದ್ಸಿದ್ರಲ್ಲ ಶಾಲು, ಅದಕ್ಕೆ ನಿಮ್ಮ ಅಂಗ್ಡೀಲಿ ದರ ಇಲ್ವಾ?"

"ಐತಿ. ಅದು ಸರಕು."

"ಮೂಟೆಗೂ ದರ ಐತೆ, ಶಾಲಿಗೂ ಐತೆ. ಈ ಅಂಗಳದಾಗೆ ದರ ಇಲ್ದೇ ಇರಾದು ಆ ಹುಡುಗ ಒಬ್ಬಂದೇ. ಅದಕ್ಕೇ ಅಲ್ದಾ ಅವನ್ನ ಕ್ವಾಣೇಲಿ ಹಾಕಿದ್ದು."

ಅಧ್ಯಕ್ಷರು ಕೋಣೆಯೇ ಎಂದು ಕೇಳಿದರು. ಅವರಿಗೆ ಗೊತ್ತಿರಲಿಲ್ಲ. ನಾನು ಸಭೆಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಆದರೆ ಹೇಳಿದ್ದೇ ಬೇರೆ, ಅವರು ಕೇಳಿಸಿಕೊಂಡಿದ್ದೇ ಬೇರೆ. ಸಾಹುಕಾರರ ಹಿಂದೆ ಹೋಗಿ ನೋಡಿ ಬಂದರು. ಬಂದವರು ಕಾಟಾದ ಪಕ್ಕ ನಿಂತರು. ಅವರಿಗೆ ಯೋಚಿಸಲು ಸಮಯ ಕೊಡುವುದು ನನಗೆ ಇಷ್ಟವಿರಲಿಲ್ಲ.

"ನಿಮ್ಮ ಸೇವೆ ಅನ್ನೋ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ ಸಾರ್" ಎಂದೆ. "ಇವತ್ತು ಹಮಾಲಣ್ಣ ಎದ್ದು ಮೂಟೆ ಹೊತ್ತರೆ ನಾಳೆಯಿಂದ ಅವನು ಆ ಕೋಣೇಲಿ. ಅಷ್ಟೇ ವಿಷಯ. ಇವರಿಗೊಂದು ದರ ಹೇಳಿ. ಇವರಿಗೆ ಏನೋ ಅದೇ ಆಯಮ್ಮನಿಗೂ."

ಅಧ್ಯಕ್ಷರು ಸಾಹುಕಾರರನ್ನು ನೋಡಿದರು, ಸಾಹುಕಾರರು ಟ್ರಾಕ್ಟರುಗಳನ್ನು ನೋಡಿದರು. ಇಬ್ಬರೂ ಬಾಗಿಲ ಹತ್ತಿರ ಹೋಗಿ ತಲೆ ತಗ್ಗಿಸಿ ಮಾತಾಡಿದರು. ಅರ್ಧ ನೀವು, ಅರ್ಧ ನಾನು ಎಂಬುದು ಕೇಳಿಸಿತು. ಸಾಹುಕಾರರು ಅಂಗಳದ ನಡುವೆ ಬಂದು, ಮೂಟೆಯ ದರ ಹೇಳುವ ಅದೇ ಧ್ವನಿಯಲ್ಲಿ, ತಮ್ಮನನ್ನು ನೋಡಿಕೊಳ್ಳುವ ಕೆಲಸದ ದರ ಹೇಳಿದರು. ಹಮಾಲಿಯಷ್ಟಿರಲಿಲ್ಲ. ನಾವು ಕೇಳಿದ್ದರ ಹತ್ತಿರಕ್ಕೂ ಇರಲಿಲ್ಲ. ಆದರೆ ಬಾಯಿಬಿಟ್ಟು, ಹತ್ತು ಜನರ ಮುಂದೆ, ಗೌರವ ಗಿರವ ಇಲ್ಲದೆ ಹೇಳಿದ ದರ. ಸಂಬಳ. ಹಿರಿಯ ಸ್ವಲ್ಪ ಏರಿಸಿ ಎಂದ. ಸ್ವಲ್ಪ ಏರಿತು.

ಆಯಮ್ಮನದು ಅಷ್ಟು ಸುಲಭದಲ್ಲಿ ಆಗಲಿಲ್ಲ. ಹೆಂಗಸರಿಗೆ ಅಷ್ಟೇಕೆ ಎಂಬ ಹೊಸ ರಾಗ ತೆಗೆದರು. ಆ ಜಗಳ ಬೇಸಿಗೆಯವರೆಗೂ ಎಳೆಯಿತು, ಕೊನೆಗೆ ಗೆದ್ದೆವು. ನನ್ನದು ಗೌರವಧನವಾಗಿಯೇ ಉಳಿಯಿತು. ಮುಂದಿನ ವಾರ್ಷಿಕೋತ್ಸವದಲ್ಲಿ ನನಗೆ ಮತ್ತೊಂದು ಶಾಲು ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಅವತ್ತು ಅಂಗಳದಲ್ಲಿ ನಡೆದದ್ದು ಇಷ್ಟು. ದರ ಹೇಳಿ ಮುಗಿಸಿದ ಮೇಲೆ ಹಮಾಲಣ್ಣ ತೊಡೆಯ ಮೇಲಿನ ವಸ್ತ್ರ ಕೊಡವಿ ಹೆಗಲಿಗೆ ಹಾಕಿದ. ಸಾಲಿನಲ್ಲಿದ್ದವರೆಲ್ಲ ಹಾಕಿದರು. ನಾಳೆಯಿಂದ ಕೇಂದ್ರದ ಕೆಲಸ, ಇವತ್ತು ಗುಂಪಿನ ಜೊತೆ ಇಳಿಸಿಕೊಡುತ್ತೇನೆ ಎಂದು ಅವನು ಮೊದಲ ಟ್ರಾಕ್ಟರಿನ ಹಿಂದೆ ಬೆನ್ನು ಕೊಟ್ಟು ನಿಂತ. ಮೂಟೆ ಬಿತ್ತು. ಎಲ್ಲರೂ ಮುಂದಿನ ಗೋದಾಮಿನ ಕಡೆ ಹೊರಟರೆ ಅವನು ಹಿಂದಕ್ಕೆ ತಿರುಗಿದ.

"ಅಲ್ಲಿಗೆ ಯಾಕೋ?" ಎಂದರು ಸಾಹುಕಾರರು.

"ಮೊದ್ಲು ಆ ಕ್ವಾಣೆ ತುಂಬ್ಸಾಣ" ಎಂದ. ನಿಲ್ಲಲಿಲ್ಲ.

ಸಾಹುಕಾರರು ಬೇಡ ಎನ್ನಲು ಕೈ ಎತ್ತಿದವರು ಎತ್ತಿದ ಕೈಯಿಂದ ತಲೆ ಕೆರೆದುಕೊಂಡರು. ಉಳಿದವರೂ ಅವನ ಹಿಂದೆ ತಿರುಗಿದರು. ಒಂದರ ಮೇಲೊಂದು ಮೂಟೆ ಏರಿತು. ನಾಲ್ಕಾರು ಸಲ ಹೋಗಿ ಬರುವಷ್ಟರಲ್ಲಿ ಹಮಾಲಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗೋಣಿಯ ನಾರು, ಧೂಳು, ಚೊಗರಿನ ಕಲೆ ಎಲ್ಲ ಹೆಗಲಿಗೆ ಹತ್ತಿತ್ತು. ಅವನು ಮೂಟೆ ಇಳಿಸಿ ಬೀಡಿ ಹಚ್ಚಲು ನಿಂತಾಗ ತಮ್ಮಣ್ಣ ಕಾಟಾದಿಂದ ಎದ್ದು ಬಂದ. ಕತ್ತು ಮುಂದೆ ಚಾಚಿ ಹೆಗಲು ಮೂಸಿದ. ಬಹಳ ಹೊತ್ತು ಮೂಸಿದ. ನಾನು ಆಯಮ್ಮನ ಕೈ ಹಿಡಿದುಕೊಂಡಿದ್ದೆ, ಇಬ್ಬರ ಕಣ್ಣಲ್ಲೂ ನೀರು.

ಹಮಾಲಣ್ಣ ಅವನನ್ನು ಮುಟ್ಟಲಿಲ್ಲ. ಜೇಬಿನಿಂದ ಒಂದು ಹಳೆಯ ಬಸ್ ಟಿಕೆಟ್ಟು ತೆಗೆದು ಚಾಚಿದ. ನಾಳೆಯ ಮಾತಿಗೆ ಇವತ್ತೇ ಕೊಡುವುದು ನಮ್ಮ ಕ್ರಮಕ್ಕೆ ಸರಿಯಲ್ಲ, ಆದರೂ ನಾನು ತಡೆಯಲಿಲ್ಲ. ತಮ್ಮಣ್ಣ ಟಿಕೆಟ್ಟು ತೆಗೆದುಕೊಂಡು ಮುಷ್ಟಿಯಲ್ಲಿ ಮುಚ್ಚಿಕೊಂಡ. ಆಮೇಲೆ, ಇಷ್ಟು ವರ್ಷದ ರೂಢಿಯೋ ಏನೋ, ಹಿಂದಿನ ಕೋಣೆಯ ಕಡೆಗೆ ತಾನೇ ನಡೆದ. ಬಾಗಿಲಲ್ಲಿ ನಿಂತ. ಮೂಟೆಗಳ ಮೇಲೆ ಅಂಗೈಯಿಟ್ಟು ಒತ್ತಿದ, ಇನ್ನೊಮ್ಮೆ ಒತ್ತಿದ, ತಿರುಗಿ ಅಂಗಳಕ್ಕೆ ಬಂದ. ಒಳಗೆ ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗವಿರಲಿಲ್ಲ.